ನಿಂತುಹೋಗುವ ಕೈ

ಚಂದ್ರಾ ಲೇಔಟಿನಿಂದ ಹಿಡಿದು ಕೆಂಗೇರಿಯ ಕೊನೆಯ ಬಸ್‌ಸ್ಟಾಪಿನವರೆಗೆ, ಟ್ಯಾಂಕ್ ಆಟದಲ್ಲಿ ನನ್ನನ್ನು ಸೋಲಿಸುವ ಗಂಡು ಇನ್ನೂ ಹುಟ್ಟಿರಲಿಲ್ಲ. ಇದನ್ನು ನಾನು ಹೇಳುತ್ತಿಲ್ಲ, ಇಡೀ ಪಶ್ಚಿಮ ಬೆಂಗಳೂರು ಹೇಳುತ್ತಿತ್ತು. ಕಿಟ್ಟಿ ಕೀಬೋರ್ಡಿನ ಮುಂದೆ ಕೂತ ಎಂದು ಗೊತ್ತಾದರೆ ಪಕ್ಕದ ದರ್ಶಿನಿಯಲ್ಲಿ ಭಟ್ಟರು ಕಾವಲಿಯ ಮೇಲಿನ ದೋಸೆಯನ್ನು ಹಾಗೇ ಬಿಟ್ಟು ಓಡಿಬರುತ್ತಿದ್ದರು. ಒಂದು ಭಾನುವಾರ ಬಸ್ಸಿನ ಡ್ರೈವರೊಬ್ಬ ಗಾಡಿಯನ್ನು ನಡುರಸ್ತೆಯಲ್ಲಿ ನಿಲ್ಲಿಸಿ ನನ್ನ ಆಟ ನೋಡಿದ. ಪ್ರಯಾಣಿಕರು ಬೈಯಲಿಲ್ಲ, ಅವರೂ ಇಳಿದು ಬಂದರು.

ಆಟ ನಡೆಯುತ್ತಿದ್ದುದು ಕೃಷ್ಣಪ್ಪನವರ ಸೈಬರ್ ಸೆಂಟರಿನಲ್ಲಿ. ಅವರ ಹತ್ತಿರ ನಾಲ್ಕು ಕಂಪ್ಯೂಟರುಗಳಿದ್ದವು, ನಾಲ್ಕೂ ಮುದಿ. ನಾನು ಹೇಳುತ್ತಿರುವುದು 2003ರ ಮಾತು. ಆಗ ವಿಜಯನಗರದಲ್ಲಿ ಏಸಿ ಹಾಕಿದ ಹೊಸ ಅಂಗಡಿಗಳು ಬಂದಿದ್ದವು. ಅಲ್ಲಿ ಹುಡುಗರು ಕಿವಿಗೆ ಹೆಡ್‌ಫೋನ್ ಏರಿಸಿ, ಒಬ್ಬೊಬ್ಬರು ಒಂದೊಂದು ಪರದೆಯ ಮುಂದೆ ಕೂತು ರಕ್ತದ ಹೊಳೆ ಹರಿಸುತ್ತಿದ್ದರು. ಅಂಥ ಆಟವನ್ನು ಕೃಷ್ಣಪ್ಪನವರ ಕಂಪ್ಯೂಟರಿಗೆ ಹಾಕಿದರೆ ಅದು ಹೊಗೆ ಬಿಟ್ಟು ಮಲಗಿಬಿಡುತ್ತಿತ್ತು. ಹಾಗಾಗಿ ಅಲ್ಲಿ ಹಳೆಯ ಆಟಗಳೇ ಗತಿ.

ಗತಿ ಎಂದೆನಲ್ಲ, ತಪ್ಪು. ಹಳೆಯ ಆಟದ ದೊಡ್ಡತನ ಹೊಸದಕ್ಕೆ ಏಳು ಜನ್ಮಕ್ಕೂ ಬಾರದು. ಇಟ್ಟಿಗೆ ಗೋಡೆಗಳ ನಡುವೆ ಒಂದು ಹಸಿರು ಟ್ಯಾಂಕು, ಒಂದು ಹಳದಿ ಟ್ಯಾಂಕು. ಇಬ್ಬರಿಗೂ ಒಂದೇ ವೇಗ, ಒಂದೇ ಗುಂಡು. ಬಹಳ ದಿನ ಆಡಿದವನಿಗೆ ದೊಡ್ಡ ಬಂದೂಕು ಕೊಡುವ ಪಕ್ಷಪಾತ ಇಲ್ಲ. ಬೀದಿಯಲ್ಲಿ ಹೋಗುವವನನ್ನು ಕರೆದು ಕೂರಿಸಿದರೂ ಎರಡು ನಿಮಿಷದಲ್ಲಿ ಕಲಿಯುತ್ತಾನೆ. ಸೋತ ಮೇಲೆ ನೆಟ್ ನಿಧಾನವಿತ್ತು, ಇನ್ನೊಬ್ಬ ಕೈಕೊಟ್ಟ ಎನ್ನುವ ಹಾಗಿಲ್ಲ. ಸೋತವನು ತನ್ನನ್ನು ಬಿಟ್ಟು ಯಾರನ್ನೂ ದೂರುವಂತಿಲ್ಲ.

ಅದರ ಕುಂದು ಒಂದೇ. ಇಬ್ಬರಿಗೂ ಸೇರಿ ಇರುವುದು ಒಂದು ಕೀಬೋರ್ಡು. ಎಡಗಡೆ ಕೂತವನಿಗೆ ಅಕ್ಷರದ ಗುಂಡಿಗಳು, ಬಲಗಡೆಯವನಿಗೆ ಬಾಣದ ಗುಂಡಿಗಳು. ಆ ಕಾಲದ ಕೀಬೋರ್ಡಿಗೆ ಒಟ್ಟಿಗೆ ತುಂಬ ಗುಂಡಿಗಳ ಮಾತು ಕೇಳುವ ಶಕ್ತಿ ಇರಲಿಲ್ಲ. ಒಂದು ದಿನ ನಾನು ಬೋಂಡಾ ತಿನ್ನುತ್ತ ಮೊಣಕೈಯನ್ನು ಅದರ ಮೇಲೆ ಊರಿದ್ದಾಗ ಪಕ್ಕದವನ ಟ್ಯಾಂಕು ಇದ್ದಕ್ಕಿದ್ದಂತೆ ಕಲ್ಲಾಯಿತು. ಬೇರೆ ಯಾರೇ ಆಗಿದ್ದರೂ ಮೊಣಕೈ ಎತ್ತಿ ಸುಮ್ಮನಾಗುತ್ತಿದ್ದರು. ನಾನು ಕಿಟ್ಟಿ. ಯಾವ ಮೂರು ಗುಂಡಿಗಳನ್ನು ಒಟ್ಟಿಗೆ ಅದುಮಿದರೆ ಬಾಣದ ಗುಂಡಿಗಳು ಸಾಯುತ್ತವೆ ಎಂದು ಅದೇ ಸಂಜೆ ಕಂಡುಹಿಡಿದೆ. ನ್ಯೂಟನ್ ತಲೆಗೆ ಬಿದ್ದ ಹಣ್ಣಿಗಿಂತ ನನ್ನ ಬೋಂಡಾ ದೊಡ್ಡದು.

ಆ ವಿದ್ಯೆಯನ್ನು ಪೆಟ್ಟಿಗೆಯಲ್ಲಿಟ್ಟಿದ್ದೆ, ಬಳಸುವ ಅಗತ್ಯವೇ ಬಂದಿರಲಿಲ್ಲ. ಅಮರೇಶ ಬಂದ ಮೇಲೆ ಬಂತು.

ಅಮರೇಶ ಕುಷ್ಟಗಿ ಕಡೆಯವನು. ಹೇರೋಹಳ್ಳಿಯಲ್ಲಿ ತನ್ನೂರಿನ ಫಕೀರೇಶನ ಜೊತೆ ಒಂದು ಕೋಣೆ ಹಿಡಿದಿದ್ದ. ಇಬ್ಬರೂ ಕಾಮಾಕ್ಷಿಪಾಳ್ಯದ ಒಂದು ಪ್ರೆಸ್ ಶೆಡ್ಡಿನಲ್ಲಿ ಹೆಲ್ಪರುಗಳು. ಅಲ್ಲಿ ತಗಡನ್ನು ಯಂತ್ರದ ಬಾಯಿಗಿಟ್ಟು ಕೈಯನ್ನು ಹಿಂದಕ್ಕೆಳೆದುಕೊಳ್ಳಬೇಕು, ಮೇಲಿನಿಂದ ಆನೆ ಕಾಲಿಟ್ಟ ಹಾಗೆ ಅಚ್ಚು ಬಂದು ಬೀಳುತ್ತದೆ. ಹೆಲ್ಪರ್ ತಗಡು ಹೊರುತ್ತಾನೆ, ಆಪರೇಟರ್ ಯಂತ್ರ ನಡೆಸುತ್ತಾನೆ. ಮಾಲೀಕರು ಆಯುಧಪೂಜೆ ಮುಗಿದ ಮೇಲೆ ಅಮರೇಶನನ್ನು ಆಪರೇಟರ್ ಮಾಡುವುದಾಗಿ ಮಾತು ಕೊಟ್ಟಿದ್ದರು. ಅವನ ಕೈಯಷ್ಟು ಚುರುಕು ಕೈ ಶೆಡ್ಡಿನಲ್ಲಿ ಇನ್ನೊಂದಿರಲಿಲ್ಲವಂತೆ. ಆಪರೇಟರ್ ಆದರೆ ಊರಿನಲ್ಲಿ ಒಬ್ಬಳೇ ಇರುವ ಅವ್ವ ಮುತ್ತವ್ವನನ್ನು ಕರೆದುಕೊಂಡು ಬಂದು ಮನೆ ಮಾಡುತ್ತೇನೆ ಎಂದು ಅವನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ.

ಆ ಕೈ ಚುರುಕು ಎನ್ನುವುದು ಸುಳ್ಳಲ್ಲ. ಮೊದಲ ಭಾನುವಾರವೇ ಅವನು ನನ್ನನ್ನು ಐದಕ್ಕೆ ಮೂರರಲ್ಲಿ ಹೊಡೆದ. ದರ್ಶಿನಿಯ ಭಟ್ಟರು ನನ್ನ ಮುಖ ನೋಡದೆ ದೋಸೆ ಹುಯ್ಯಲು ವಾಪಸ್ ಹೋದರು. ಅಮರೇಶನೋ ಹಲ್ಲು ಕಿರಿದು, ನಸೀಬು ಚಲೋ ಇತ್ತು ಅಷ್ಟೇ ಎಂದು ನನಗೇ ಸಮಾಧಾನ ಹೇಳಿದ. ಆ ಸಮಾಧಾನವೇ ಅವನು ಮಾಡಿದ ತಪ್ಪು.

ಮುಂದಿನ ಭಾನುವಾರ ನಾನು ಎಡಗಡೆ ಕೂತು ಪೆಟ್ಟಿಗೆ ತೆರೆದೆ. ಆ ಮೂರು ಗುಂಡಿಗಳನ್ನು ಸುಮ್ಮಸುಮ್ಮನೆ ಅದುಮಿದರೆ ದಡ್ಡನಿಗೂ ಗೊತ್ತಾಗುತ್ತದೆ. ನನ್ನ ಗುಂಡು ಅವನ ಟ್ಯಾಂಕಿನ ಹತ್ತಿರ ಬಂದು, ಅವನು ಪಕ್ಕಕ್ಕೆ ಸರಿಯಬೇಕಾದ ಆ ಕಣ್ಣುರೆಪ್ಪೆಯ ಹೊತ್ತಿನಲ್ಲಿ ಮಾತ್ರ ಅದುಮುತ್ತಿದ್ದೆ. ಟ್ಯಾಂಕು ಸರಿಯುತ್ತಿರಲಿಲ್ಲ. ಢಂ. ಅವನು ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡ. ಮತ್ತೆ ಢಂ. ಆ ದಿನ ಅವನು ಒಂದು ಆಟವನ್ನೂ ಗೆಲ್ಲಲಿಲ್ಲ.

ನಿಜ ಹೇಳಬೇಕೆಂದರೆ ಗೆದ್ದು ನನಗೆ ಸಾಕಾಗಿತ್ತು. ಅವನು ಕೈ ತಿರುಗಿಸಿ ನೋಡಿಕೊಂಡಿದ್ದು ಮಾತ್ರ ಬಹಳ ಇಷ್ಟವಾಯಿತು. ಅವನ ಭುಜದ ಮೇಲೆ ಕೈಯಿಟ್ಟು, ಇಎಸ್‌ಐ ಡಾಕ್ಟರರ ಹಾಗೆ ಮುಖ ಮಾಡಿಕೊಂಡೆ.

"ಒಂದ್ ಮಾತ್ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ ಮಗಾ. ನಿನ್ ಬಲಗೈ ಮಧ್ಯೆಮಧ್ಯೆ ನಿಂತೋಗ್ತಾ ಇದೆ."

"ಒತ್ತೀನ್ರಿ ಅಣ್ಣಾರ. ಖರೇ ಹೇಳ್ತೀನಿ, ಒತ್ತಿದ್ದೆ."

"ಒತ್ತಿದೀನಿ ಅಂತ ನಿನ್ ತಲೆಗೆ ಅನ್ಸತ್ತೆ. ಕೈಗೆ ಗೊತ್ತಾಗಿಲ್ಲ."

ಅವನು ಒಬ್ಬನೇ ಕೂತು ಕಂಪ್ಯೂಟರಿನ ವಿರುದ್ಧ ಆಡಿ ನೋಡಿದ. ಕೈ ನಿಲ್ಲಲಿಲ್ಲ. ಅದಕ್ಕೂ ನನ್ನ ಹತ್ತಿರ ಉತ್ತರವಿತ್ತು. ಇದು ಸುಮ್ಮನೆ ಇದ್ದಾಗ ಬರುವ ಕಾಯಿಲೆಯಲ್ಲ, ಎದುರಿಗೆ ಅಪಾಯ ಬಂದಾಗ ಮಾತ್ರ ಬರುತ್ತದೆ, ಜಯನಗರದಲ್ಲಿ ನಮ್ಮ ದೊಡ್ಡಪ್ಪನ ಮಗನಿಗೂ ಇತ್ತು ಎಂದೆ. ನಮ್ಮ ದೊಡ್ಡಪ್ಪನಿಗೆ ಮಕ್ಕಳೇ ಇಲ್ಲ. ಬೆಳಿಗ್ಗೆ ಎದ್ದು ಉಪ್ಪು ಹಾಕಿದ ಬಿಸಿನೀರಿನಲ್ಲಿ ಕೈ ಅದ್ದಿಡು, ತಡೆಯಲಾಗದಷ್ಟು ಬಿಸಿ ಇರಬೇಕು ಎಂದು ಔಷಧಿಯನ್ನೂ ಹೇಳಿದೆ. ಮುಂದಿನ ವಾರ ಅವನು ಬೆಂದ ಬೀಟ್‌ರೂಟಿನಂಥ ಕೈ ಹೊತ್ತುಕೊಂಡು ಬಂದಾಗ ಅಂಗಡಿಯ ಹುಡುಗರು ನಗು ತಡೆಯಲಾರದೆ ರಸ್ತೆಗೆ ಓಡಿಹೋದರು. ಅವರಿಗೆಲ್ಲ ಗುಟ್ಟು ಹೇಳಿದ್ದೆ. ಅಷ್ಟು ದೊಡ್ಡ ವಿದ್ಯೆಯನ್ನು ಒಬ್ಬನೇ ಇಟ್ಟುಕೊಳ್ಳಲು ಆಗುತ್ತದೆಯೆ?

ಕೃಷ್ಣಪ್ಪನವರು ಮಾತ್ರ ನಗಲಿಲ್ಲ. ನನ್ನನ್ನು ಕೌಂಟರಿನ ಹಿಂದಕ್ಕೆ ಕರೆದು, ಆಟದಲ್ಲಿ ಏನು ಬೇಕಾದರೂ ಮಾಡಿಕೋ, ಕೈಯ ವಿಷಯ ಬೇಡ, ಅವನದು ಪ್ರೆಸ್ ಕೆಲಸ ಎಂದರು. ಹಾಗಾದರೆ ನೀವೇ ಹೇಳಿಬಿಡಿ ಎಂದೆ. ಹೇಳಿದರೆ ಭಾನುವಾರ ಇಲ್ಲಿಗೆ ಯಾರು ಬರುತ್ತಾರೆ, ಎಲ್ಲರೂ ವಿಜಯನಗರದ ಏಸಿಗೆ ಹೋಗುತ್ತಾರೆ ಎಂದೂ ಸೇರಿಸಿದೆ. ಅವರು ಅಂಗಡಿಯಲ್ಲಿ ತುಂಬಿದ ಜನರನ್ನು ನೋಡಿ ಸುಮ್ಮನಾದರು. ಸುಮ್ಮನಿರುವುದರಲ್ಲಿ ಅವರನ್ನು ಮೀರಿಸುವವರು ಕರ್ನಾಟಕದಲ್ಲೇ ಇಲ್ಲ.

ಆಯುಧಪೂಜೆಯ ಮಾರನೆಯ ದಿನ ಅಮರೇಶ ನನ್ನನ್ನು ಹುಡುಕಿಕೊಂಡು ಬಂದ. ಆಡಲು ಬಂದಿರಲಿಲ್ಲ. ಹಣೆಯಲ್ಲಿ ಶೆಡ್ಡಿನ ಪೂಜೆಯ ಕುಂಕುಮ ಇನ್ನೂ ಇತ್ತು. ಸೋಮವಾರದಿಂದ ಪ್ರೆಸ್ ಮೇಲೆ ನಿಲ್ಲು ಎಂದು ಮಾಲೀಕರು ಹೇಳಿದ್ದಾರೆ, ಅವ್ವನಿಗೆ ಫೋನು ಮಾಡಿ ಬಾ ಎಂದೂ ಹೇಳಿಯಾಗಿದೆ, ಆದರೆ ರಾತ್ರಿ ನಿದ್ದೆ ಬರುತ್ತಿಲ್ಲ ಎಂದ.

"ಅಣ್ಣಾರ, ನೀವು ಶಾಣ್ಯಾರದೀರಿ. ನೀವು ಹೂಂ ಅಂದ್ರ ನಿಲ್ತೀನಿ, ಬ್ಯಾಡ ಅಂದ್ರ ಬಿಡ್ತೀನಿ. ನನ್ ಕೈ ಖರೇನೇ ನಿಲ್ತೈತೇನ್ರಿ?"

ಅಂಗಡಿಯಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕೃಷ್ಣಪ್ಪನವರು ಫ್ಯಾನಿನ ಸ್ವಿಚ್ಚನ್ನು ನೋಡುತ್ತಿದ್ದರು. ಇಲ್ಲ ಎಂದುಬಿಟ್ಟರೆ ಮುಗಿಯಿತು. ಅವನು ಏಕೆ ಎನ್ನುತ್ತಾನೆ, ನಾನು ಮೂರು ಗುಂಡಿ ತೋರಿಸಬೇಕು, ಆಮೇಲೆ ಕೆಂಗೇರಿಯವರೆಗೆ ಹರಡಿದ ನನ್ನ ಹೆಸರು ಏನಾಗಬೇಕು? ಅಷ್ಟು ಎತ್ತರದಲ್ಲಿರುವವನಿಗೆ ಇಳಿಯಲು ಮೆಟ್ಟಿಲುಗಳಿರುವುದಿಲ್ಲ.

"ನಿಲ್ಲತ್ತೆ ಕಣೋ," ಎಂದೆ.

ಅವನು ತಲೆಯಾಡಿಸಿ ಹೊರಟುಹೋದ. ಸೋಮವಾರ ಪ್ರೆಸ್ ಮೇಲೆ ಫಕೀರೇಶ ನಿಂತ. ಅಮರೇಶ ತಗಡು ಹೊರುವ ಕೆಲಸವನ್ನೂ ಬಿಟ್ಟು ಯಶವಂತಪುರದ ಮಂಡಿಯಲ್ಲಿ ಈರುಳ್ಳಿ ಮೂಟೆ ಹೊರಲು ಸೇರಿಕೊಂಡ. ಮೂಟೆಗೆ ಬೆನ್ನು ಸಾಕು, ಕೈ ನಿಂತರೂ ನಡೆಯುತ್ತದೆ. ಅವ್ವನಿಗೆ ಈಗ ಬೇಡ ಎಂದು ಮತ್ತೆ ಫೋನು ಮಾಡಿದನಂತೆ.

ದೀಪಾವಳಿಗೆ ಮೊದಲೇ ಸುದ್ದಿ ಬಂತು. ಫಕೀರೇಶನ ಬಲಗೈಯ ಎರಡು ಬೆರಳು ಹೋಗಿದ್ದವು. ಅವನ ಕೈ ಅಮರೇಶನದರಷ್ಟು ಚುರುಕಾಗಿರಲಿಲ್ಲ. ಅಚ್ಚು ಬೀಳುವಷ್ಟರಲ್ಲಿ ಎಳೆದುಕೊಳ್ಳಲು ಆಗಲಿಲ್ಲ, ಅಷ್ಟೇ.

ಮುಂದಿನ ಭಾನುವಾರ ಅಮರೇಶ ಬಂದ. ಅಂಗಡಿ ತುಂಬಿತ್ತು. ಅವನು ಎಲ್ಲರೆದುರಿಗೆ ಬಗ್ಗಿ ನನ್ನ ಕಾಲು ಮುಟ್ಟಿದ. ಆ ಜಾಗದಲ್ಲಿ ತಾನಿದ್ದಿದ್ದರೆ ಬೆರಳಲ್ಲ, ಇಡೀ ಕೈ ಹೋಗುತ್ತಿತ್ತು, ತನ್ನ ಕೈ ಉಳಿಸಿದವರು ಇವರೇ ಎಂದು ಹುಡುಗರಿಗೆಲ್ಲ ಹೇಳಿದ. ಒಬ್ಬ ಹುಡುಗನೂ ನಗಲಿಲ್ಲ. ನೋಡಿ, ಅಂಥ ಗೌರವ ನನಗೆ. ಮೋಟರ್ ಸೈಕಲ್ಲು ಕಲಿಯಲೇ ಅಣ್ಣಾರ ಎಂದು ಕೇಳಿದ. ಬೇಡ ಎಂದೆ. ಆಮೇಲೆ ಬ್ಯಾಗಿನಿಂದ ಒಂದು ಡಬ್ಬಿ ತೆಗೆದ, ಮುತ್ತವ್ವ ಊರಿನಿಂದ ನನಗೆಂದೇ ಕಟ್ಟಿ ಕಳಿಸಿದ ಕರದಂಟು. ಅವನ ಬಲಗೈ ಪ್ಯಾಂಟಿನ ಜೇಬಿನಲ್ಲೇ ಇತ್ತು. ಬಂದಾಗಿನಿಂದ ಹೊರಗೆ ತೆಗೆದಿರಲಿಲ್ಲ.

"ಎಡಗೈಲೆ ಕೊಡಾಕತ್ತೀನಿ, ತಪ್ಪು ತಿಳೀಬ್ಯಾಡ್ರಿ," ಎಂದ. "ಬಲಗೈಗೆ ಕೊಟ್ರ ಎಲ್ಲಿ ಬೀಳಸ್ತೈತೋ ಅಂತ."

ನಾನು ದೊಡ್ಡ ಮನಸ್ಸು ಮಾಡಿ ತೆಗೆದುಕೊಂಡೆ. ಕೃಷ್ಣಪ್ಪನವರಿಗೂ ಒಂದು ತುಂಡು ಚಾಚಿದೆ, ಸಕ್ಕರೆ ಕಾಯಿಲೆ ಎಂದು ಮುಖ ತಿರುಗಿಸಿದರು. ಇರಲಿ, ಉಳಿದದ್ದೆಲ್ಲ ನನಗೇ ಆಯಿತು. ಕರದಂಟು ಚೆನ್ನಾಗಿತ್ತು, ಗೋಡಂಬಿ ಸ್ವಲ್ಪ ಕಡಿಮೆ.