ಒಳಗಿನ ಚಿಲಕ

ಬಸ್ಸಿನ ಕಿಟಕಿಯ ಗಾಜು ಮತ್ತೆ ಜಾರಿತು, ಎಷ್ಟು ತಳ್ಳಿದರೂ ಬೆರಳಷ್ಟು ಸಂದಿ ಉಳಿದೇ ಉಳಿಯುತ್ತದೆ — ಸಂಪದಾಳ ಒಂದು ಕೈ ಗಾಜಿನ ಮೇಲೆ, ಇನ್ನೊಂದರಲ್ಲಿ ಮೊಬೈಲು, ಭಟ್ಕಳ ಬಿಟ್ಟಾಗಿನಿಂದ ಹೆಬ್ಬೆರಳು ಪ್ರಕಟಿಸುವ ಗುಂಡಿಯ ಹತ್ತಿರವೇ ಸುಳಿಯುತ್ತಿದೆ, ಒತ್ತಿದರೆ ಬರೆದದ್ದು ಲೋಕಕ್ಕೆಲ್ಲ ಕಾಣುತ್ತದೆ, ಕೆಳಗೆ ಹೆಸರೂ ಕಾಣುತ್ತದೆ, ಸಂಪದಾ ನಾಯ್ಕ, ಮುಟ್ಟಳ್ಳಿ. ಜೆರಾಕ್ಸ್ ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಕೂತು ಕೋಡ್ ಬರೆಯಲು ಕಲಿತದ್ದಕ್ಕೆ ಅಷ್ಟಾದರೂ ಬೇಡವೇ, ಆ ಹೆಸರು ತೋರಿಸಿಯೇ ನಾಳೆ ಕೆಲಸ ಕೇಳಬೇಕು, ಓಪನ್ ಸೋರ್ಸ್ ಅಂದರೆ ಎಲ್ಲರದ್ದೂ, ಯಾರು ಬೇಕಾದರೂ ತೆರೆದು ನೋಡಿ ತಿದ್ದಬಹುದು, ಹೊಸಬರು ಸಣ್ಣದರಿಂದ ಶುರುಮಾಡಿ ಎಂದು ಪ್ರಾಜೆಕ್ಟಿನವರು ಅಂದಿದ್ದರು, ಕನ್ನಡದ ತಪ್ಪು ತಿದ್ದಿ ಅಂದಿದ್ದರು, ಇವಳಿಗೆ ಸಿಕ್ಕಿದ್ದೋ ದೊಡ್ಡ ಮೀನು — ಬಸುರಿಯರ ವಿವರ ಇಡುವ ಅವರ ಆ್ಯಪಿನಲ್ಲೇ ತೂತು, ಬಸುರಿ ಅಕ್ಕ ಗೀತಾಂಜಲಿ ಕಳಿಸಿದ ತನ್ನ ಪುಟದ ಲಿಂಕಿನ ಕೊನೆಯ ಅಂಕೆ ತಪ್ಪಿ ಒತ್ತಿದ್ದಕ್ಕೆ ಕಾಗಾಲದ ಯಾರದೋ ಪುಟ ತೆರೆದುಕೊಂಡಿತು, ಹೆಸರು, ಮನೆ, ದಾರಿಯ ಗುರುತು, ಪಾಸ್‌ವರ್ಡ್ ಕೇಳಲೇ ಇಲ್ಲ. ಎಷ್ಟು ಖುಷಿಯಾಗಿತ್ತು ಆಗ, ಈಗ ಹೊಳೆಯುತ್ತಿದೆ, ಕಾಗಾಲದವಳ ಮನೆ ತನಗೆ ಕಂಡರೆ ಅಕ್ಕ ಈಗಿರುವ ಮನೆ ಯಾರಿಗೆ ಕಾಣದು, ಭಾವ ದೇವರಾಜನಿಗೆ ಕಾಣದೇ, ಹೊಡೆತ ತಾಳದೆ ಬಂದ ಹೆಂಡತಿಯನ್ನು ನೆಂಟರ ಮನೆಮನೆಗೂ ಹುಡುಕಿಕೊಂಡು ತಿರುಗುವವನಿಗೆ, ಅವಳು ಸಂತೆಗುಳಿಯಲ್ಲಿ ಸುಬ್ಬಿ ಚಿಕ್ಕಮ್ಮನ ಹತ್ತಿರ ಇದ್ದಾಳೆಂದು ಅವನಿಗೆ ಗೊತ್ತಿಲ್ಲ, ಇನ್ನೂ ಗೊತ್ತಿಲ್ಲ. ಹೋದ ಸಲ ಅಮ್ಮನ ಜೊತೆ ಅಲ್ಲಿಗೆ ಹೋದಾಗ ಅಕ್ಕ ಒಳಗೆ ಮಲಗಿದ್ದಳು, ಕರೆದರೆ ಏಳಲಿಲ್ಲ, ಅಮ್ಮ ಪೊರಕೆಯಿಂದ ಒಂದು ಹಿಡಿಕಡ್ಡಿ ಎಳೆದು ಬಾಗಿಲ ಸಂದಿಗೆ ತೂರಿಸಿದಳು, ಚಿಲಕ ಸದ್ದಿಲ್ಲದೆ ಮೇಲೆದ್ದಿತು, ಅಕ್ಕ ಬೆಚ್ಚಿ ಎದ್ದು ಕೂತಳು, ಎರಡೂ ಕೈ ಹೊಟ್ಟೆಯ ಮೇಲೆ. ಅಂಗಳದಲ್ಲಿ ಕೆಲಸದವರಿದ್ದರು, ಅಮ್ಮ ಏನೂ ಆಗಿಲ್ಲವೆಂಬಂತೆ ಅವರಿಗೆ ಚಾ ಕೊಟ್ಟಳು, ಅವರು ಹೋದ ಮೇಲೆ ಮೆಲ್ಲಗೆ ಅಂದಳು, ಸುಬ್ಬಿ, ಮೊದ್ಲು ಬೇರೆ ಚಿಲಕ ಹಾಕ್ಸು, ಅಲ್ಲಿವರೆಗೆ ಯಾರ ಹತ್ರನೂ ಇದ್ರ ಸುದ್ದಿ ಹೇಳುಕೆ ಹೋಗ್ಬೇಡ. ಆತು ಅಕ್ಕ, ಅಂದಿದ್ದಳು ಚಿಕ್ಕಮ್ಮ.

ಪ್ರಾಜೆಕ್ಟಿನ ಪುಟದಲ್ಲೂ ಅದೇ ಇತ್ತಲ್ಲ, ಅವಸರದಲ್ಲಿ ಓದದೆ ಬಿಟ್ಟ ಸಾಲು, ಭದ್ರತೆಯ ಲೋಪ ಕಂಡರೆ ಇಲ್ಲಿ ಬರೆಯಬೇಡಿ, ನಮಗೆ ಮಾತ್ರ ಗುಟ್ಟಾಗಿ ತಿಳಿಸಿ, ಸರಿಪಡಿಸಿದ ಮೇಲೆ ಎಲ್ಲರಿಗೂ ಹೇಳೋಣ. ಬರೆದದ್ದನ್ನೆಲ್ಲ ಅಳಿಸಿದಳು, ಹೆಸರು ಹೋದದ್ದು ಒಂದು ಕ್ಷಣ ಚುರುಕ್ಕೆಂದಿತು, ಅದನ್ನೇ ಅವರಿಗೆ ಖಾಸಗಿ ಮೇಲ್‌ನಲ್ಲಿ ಬರೆದಳು, ಮೇಲ್ ಹೋಯಿತು, ಬಸ್ಸು ಶರಾವತಿ ಸೇತುವೆ ದಾಟಿತು, ಹೊನ್ನಾವರದಲ್ಲಿ ಜನ ಇಳಿದರು, ಹತ್ತಿದರು, ಉತ್ತರ ಇಲ್ಲ, ಯಾವ ಊರಿನವರೋ, ಬಿಡುವಾದಾಗ ನೋಡುವವರು, ಇವತ್ತು ನೋಡುತ್ತಾರೋ, ವಾರ ಬಿಟ್ಟೋ, ಅಲ್ಲಿಯವರೆಗೆ ಬಾಯಿ ಬಿಡುವಂತಿಲ್ಲ, ಮೊಬೈಲು ಗುಂಯ್ ಅಂದಿತು, ಅವರೇ ಇರಬೇಕು — ಅಲ್ಲ, ಅಕ್ಕನ ಮೆಸೇಜು, ಎಲ್ಲಿ ಬಂದೆ, ಚಿಕ್ಕಮ್ಮ ಪೇಟೆಗೆ ಹೋಗಿದ್ದು, ನಾ ಒಬ್ಳೇ, ಹೆದ್ರಬೇಡ, ಹೊಸ ಚಿಲಕ ಗಟ್ಟಿ ಹಾಕ್ಕಂಡಿದ್ದೆ, ಹೊಸ ಚಿಲಕ, ಗಟ್ಟಿ, ಸಂಪದಾ ಓದುತ್ತಾಳೆ, ಮತ್ತೆ ಓದುತ್ತಾಳೆ, ಆ್ಯಪಿನ ಆ ಪುಟಕ್ಕೆ ಇನ್ನೂ ಚಿಲಕವಿಲ್ಲ, ಕಿಟಕಿಯ ಗಾಜು ಜಾರುತ್ತದೆ, ಬಾಗಿಲ ಸಂದಿಯಲ್ಲಿ ಹಿಡಿಕಡ್ಡಿ, ಸದ್ದಿಲ್ಲದೆ ಮೇಲೇಳುವ ಚಿಲಕ.