ಬೆಲ್ ಮಲಗಿಸುವ ಹೊತ್ತು

“ಇದರಲ್ಲಿ ಕಿವಿ ಕಾಣ್ತಿಲ್ಲ,” ಎಂದು ಲೈಸೆನ್ಸ್ ಆಫೀಸಿನ ಗುಮಾಸ್ತ ಅವಳ ಫೋಟೋವನ್ನು ಗಾಜಿನ ಕಿಂಡಿಯಿಂದ ವಾಪಸು ತಳ್ಳಿದ.

“ಹೋದ ಸಲ ‘ನಗ್ತಾ ಇದ್ದೀರಿ, ನಗಬಾರದು’ ಅಂದ್ರಿ. ನಗದೇ ತೆಗೆಸ್ಕೊಂಡು ಬಂದಿದ್ದೀನಿ. ಕಿವಿ ವಿಷಯ ಆವತ್ತೇ ಹೇಳಬಾರದಿತ್ತಾ?”

“ಆವತ್ತು ಕಿವಿ ಕಾಣ್ತಿತ್ತಮ್ಮ.”

ಅವನ ಮಾತು ಸುಳ್ಳೇನಲ್ಲ. ನಗುವಿದ್ದ ಫೋಟೋದಲ್ಲಿ ಕಿವಿ ಇತ್ತು, ನಗುವಿಲ್ಲದ ಫೋಟೋದಲ್ಲಿ ಕೂದಲು ಕಿವಿಯನ್ನು ಮುಚ್ಚಿತ್ತು. ಪ್ರಾಕ್ಟಿಕಲ್ ನರ್ಸ್ ಎಂಬ ಸಹಾಯಕ ನರ್ಸ್‌ಗಳ ಪರೀಕ್ಷೆಯನ್ನು ಒಳ್ಳೆಯ ಅಂಕದಲ್ಲಿ ಪಾಸು ಮಾಡಿದವಳು ಒಂದು ಜೊತೆ ಕಿವಿಗಾಗಿ ಲೈಸೆನ್ಸ್ ಇಲ್ಲದೆ ಅಲೆಯಬೇಕಾಗಿತ್ತು. “ಸಾರ್, ಒಂದೇ ನಿಮಿಷ,” ಎಂದು ಅವಳು ಕೈ ಎತ್ತಿದಳು. ಗುಮಾಸ್ತ ಕಣ್ಣೆತ್ತಿಯೂ ನೋಡದೆ ‘ಊಟದ ವೇಳೆ’ ಎಂಬ ಹಲಗೆಯನ್ನು ಕಿಂಡಿಯ ಒಳಗಡೆಯ ಕೊಕ್ಕೆಗೆ ತಗುಲಿಹಾಕಿ ಎದ್ದುಹೋದ. ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಅವಳು ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡಳು.

ಮನೆಯಲ್ಲಿ ಅವಳಿಗೆ ಸಿಡುಕಿ ಎಂದೇ ಹೆಸರು. ಇಟ್ಟವನು ಗಂಡ. ಅವನು ಬಸ್ ಡ್ರೈವರ್, ದಿನವಿಡೀ ಹಾರ್ನ್ ಕೇಳಿ ಕೇಳಿ ಯಾರ ಕೂಗಾಟಕ್ಕೂ ಜಗ್ಗದ ಆಸಾಮಿ. ಆ ಹೆಸರನ್ನು ಪ್ರೀತಿಯಿಂದಲೇ ಇಟ್ಟಿದ್ದ, ಅವಳೂ ಸಿಡುಕುತ್ತಲೇ ಒಪ್ಪಿಕೊಂಡಿದ್ದಳು. ಆ ಸಂಜೆ ಅವಳು ಚಪ್ಪಲಿಯನ್ನು ಬಾಗಿಲ ಬಳಿ ಬಿಟ್ಟ ಸದ್ದಿಗೇ ಅತ್ತೆಗೆ ವಿಷಯವೆಲ್ಲ ತಿಳಿದುಹೋಯಿತು.

“ಮತ್ತೆ ವಾಪಸ್ ಕಳಿಸಿದ್ರಾ?”

“ಕಿವಿ ಬೇಕಂತೆ ಅತ್ತೆ. ನಗು ಬೇಡವಂತೆ, ಕಿವಿ ಬೇಕಂತೆ.”

“ನಗದೇ ಇರೋ ಫೋಟೋಗೆ ಸ್ಟುಡಿಯೋ ತನಕ ಯಾಕೆ ಹೋದೆಯೋ! ಮನೇಲಿ ಯಾವ ಹೊತ್ತಲ್ಲಿ ತೆಗೆದಿದ್ರೂ ಆಗ್ತಿತ್ತು,” ಎಂದು ಅತ್ತೆ ಅವಳ ಕೈಗೆ ಬಿಸಿ ಬಿಸಿ ಚಹಾ ಕೊಟ್ಟರು.

ಅವಳನ್ನು ಓದಿಗೆ ಹಚ್ಚಿದವರೇ ಅತ್ತೆ. ಮಾವ ಹಾಸಿಗೆ ಹಿಡಿದಾಗ ಮಗ್ಗುಲು ಬದಲಿಸಿ, ಮೈ ಒರೆಸಿ, ಮುಖ ಗಂಟಿಕ್ಕಿಕೊಂಡೇ ಎಲ್ಲವನ್ನೂ ಒಪ್ಪವಾಗಿ ಮಾಡಿದವಳು ಸಿಡುಕಿ. ಮಾವ ತೀರಿಕೊಂಡ ಮೇಲೆ ಅತ್ತೆ ಒಂದು ದಿನ, “ನಿನ್ನ ಬಾಯಿ ಕೆಟ್ಟದು, ಕೈ ಒಳ್ಳೇದು. ಆ ಕೈಗೊಂದು ಲೈಸೆನ್ಸ್ ಮಾಡಿಸ್ಕೋ,” ಎಂದು ಅಡುಗೆಮನೆಯನ್ನು ತಮ್ಮ ಕೈಗೆ ತೆಗೆದುಕೊಂಡರು. ಈ ವಯಸ್ಸಿನಲ್ಲಿ ಸೊಸೆಯನ್ನು ಓದಿಸುತ್ತಿದ್ದಾರಲ್ಲ ಎಂದು ನೆಂಟರು ಮೂಗು ಮುರಿದರು. ಕಂಡವರ ಹೇಲು ಉಚ್ಚೆ ಬಾಚೋದಕ್ಕೂ ಪರೀಕ್ಷೆ ಬರೀಬೇಕಾ ಎಂದೂ ಕೇಳಿದರು. ಅತ್ತೆ ಅವರಿಗೆಲ್ಲ, “ನೀವು ಬಿದ್ದಾಗ ಗೊತ್ತಾಗುತ್ತೆ ಇರಿ,” ಎಂದು ಬಾಯಿ ಮುಚ್ಚಿಸಿದ್ದರು.

ಕೊನೆಗೂ ನಗುವಿಲ್ಲದ, ಕಿವಿಯಿರುವ ಲೈಸೆನ್ಸ್ ಬಂತು. ಇನ್ನು ಕೆಲಸ ಸಿಕ್ಕಿದ ಹಾಗೇ ಎಂದುಕೊಂಡವಳಿಗೆ ಹೊಸ ಪರದಾಟ ಶುರುವಾಯಿತು. ಆಸ್ಪತ್ರೆ ಆಸ್ಪತ್ರೆಗೂ ಚಪ್ಪಲಿ ಸವೆಸಿದಳು. ಎಲ್ಲ ಕಡೆಯೂ ಒಂದೇ ಪ್ರಶ್ನೆ.

“ಅನುಭವ ಇದೆಯಾ?”

“ಇದೇ ಮೊದಲನೇ ಕೆಲಸ.”

“ಅನುಭವ ಮಾಡ್ಕೊಂಡು ಬನ್ನಿ.”

“ಎಲ್ಲಿ ಮಾಡ್ಕೊಳ್ಳಲಿ? ಅಂಗಡೀಲಿ ಸಿಗುತ್ತಾ?” ಎಂದು ಒಂದು ಕಡೆ ಕೇಳಿಯೇ ಬಿಟ್ಟಳು. ಅಲ್ಲಿಂದ ಮತ್ತೆ ಕರೆ ಬರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಕಟ್ಟಕಡೆಗೆ ಅವಳನ್ನು ಒಳಗೆ ಬಿಟ್ಟದ್ದು ವಯಸ್ಸಾದವರ ಆರೈಕೆ ಕೇಂದ್ರವೊಂದು. ಅಲ್ಲಿನ ಮೇಲ್ಮಹಡಿಯನ್ನು ನೋಡಿಕೊಳ್ಳುತ್ತಿದ್ದವರು ದೊಡ್ಡ ಸಿಸ್ಟರ್. ನಡೆದರೆ ನೆಲ ಸದ್ದು ಮಾಡುತ್ತಿತ್ತು, ಮಾತಾಡಿದರೆ ಗೋಡೆ ಕೇಳಿಸಿಕೊಳ್ಳುತ್ತಿತ್ತು. ಅವರು ಲೈಸೆನ್ಸನ್ನು ನೋಡಿ, ಅವಳ ಕೈಗಳನ್ನು ನೋಡಿ, “ಉಗುರು ಕತ್ತರಿಸ್ಕೊಂಡಿದ್ದೀಯ, ಒಳ್ಳೇದು. ಮೂರು ತಿಂಗಳು ನೋಡ್ತೀನಿ. ಸರಿ ಹೋದ್ರೆ ಕಾಯಂ ಮಾಡಿ ಅಂತ ಮೇಲಿನವರಿಗೆ ಬರೀತೀನಿ. ಇಲ್ಲ ಅಂದ್ರೆ ಬೇರೆ ದಾರಿ ನೋಡ್ಕೋ,” ಎಂದರು.

ಬೇರೆ ದಾರಿ ಯಾವುದೂ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಇಲ್ಲಿಂದ ಹೊರಬಿದ್ದರೆ ಮತ್ತದೇ ಅನುಭವದ ಪ್ರಶ್ನೆ, ಅದರ ಜೊತೆಗೆ ಅಲ್ಲೇಕೆ ಬಿಟ್ಟಿರಿ ಎಂಬ ಇನ್ನೊಂದು.

ಮೊದಲ ದಿನ ಊಟದ ತಟ್ಟೆಗಳನ್ನು ತೆಗೆದಾದ ಮೇಲೆ ದೊಡ್ಡ ಸಿಸ್ಟರ್, “ಬೆಲ್ ಮಲಗಿಸೋಣ ಬಾ,” ಎಂದರು. ಸಿಡುಕಿಗೆ ಅರ್ಥವಾಗಲಿಲ್ಲ. ಪ್ರತಿ ಮಂಚದ ದಿಂಬಿನ ಪಕ್ಕ ಉದ್ದನೆಯ ವೈರಿನ ತುದಿಯಲ್ಲಿ ಒಂದು ಗುಂಡಿ ಇತ್ತು. ಒತ್ತಿದರೆ ಹೊರಗಿನ ಓಣಿಯಲ್ಲಿ ಬೆಲ್ ಹೊಡೆಯುತ್ತಿತ್ತು. ದೊಡ್ಡ ಸಿಸ್ಟರ್ ಒಂದೊಂದೇ ಮಂಚದ ಬಳಿ ಹೋಗಿ ಆ ವೈರನ್ನು ಎತ್ತಿ, ತಲೆಯ ಮೇಲಿನ ಗೋಡೆಯಲ್ಲಿ ಗ್ಲೂಕೋಸ್ ಬಾಟಲಿ ತೂಗುಹಾಕುವ ಕೊಕ್ಕೆಗೆ ಸುತ್ತುತ್ತ ಹೋದರು. ಮಲಗಿದವರ ಕೈಗೆ ಅದು ಎಟುಕುವಂತಿರಲಿಲ್ಲ.

“ಇವರಿಗೆ ಏನಾದ್ರೂ ಬೇಕಾದ್ರೆ?”

“ಸಂಜೆ ಚಹಾದವರೆಗೆ ಏನೂ ಬೇಕಾಗಲ್ಲ. ನೀನೊಬ್ಬಳು, ನಾನೊಬ್ಬಳು, ಇಡೀ ಮಹಡಿ. ಗಾಯದ ಪಟ್ಟಿ ಬದಲಾಯಿಸೋದು, ಇಂಜೆಕ್ಷನ್ನು, ಮಗ್ಗುಲು ಬದಲಿಸೋದು ಎಲ್ಲ ಈ ಹೊತ್ತಲ್ಲೇ ಆಗ್ಬೇಕು.” ಸಿಡುಕಿಯ ಮುಖ ನೋಡಿ ಅವರ ದನಿ ತಗ್ಗಿತು. “ನಾನೇನು ರಾಕ್ಷಸಿ ಅಲ್ಲಮ್ಮ. ಹೋದ ವರ್ಷ ಕಿಟಕಿ ಪಕ್ಕದ ಟೀಚರಮ್ಮ ಬೆಲ್ ಒತ್ತಿದ್ರು ಅಂತ ಓಡಿಹೋದೆ. ದಿಂಬು ತಿರುಗಿಸು ಅಂದ್ರು. ತಿರುಗಿಸಿ ಬರೋ ಅಷ್ಟರಲ್ಲಿ ಮೂಲೆ ಮಂಚದ ತಾತನಿಗೆ ನೀರು ನೆತ್ತಿಗೇರಿ ಮುಖ ನೀಲಿಯಾಗಿತ್ತು. ಹೇಗೋ ಉಳಿಸ್ಕೊಂಡೆ. ಆವತ್ತೇ ತೀರ್ಮಾನ ಮಾಡಿದೆ. ಬೆಲ್ ಹಿಂದೆ ಓಡೋದಿಲ್ಲ, ನಾನೇ ಸುತ್ತು ಹಾಕಿ ನೋಡ್ತೀನಿ.”

ಸಿಡುಕಿಗೆ ಇದು ಸರಿ ಅನ್ನಿಸಲಿಲ್ಲ. ಹಾಗೆಂದು ಹೇಳುವ ಧೈರ್ಯವೂ ಬರಲಿಲ್ಲ. ದೊಡ್ಡ ಸಿಸ್ಟರ್ ಅತ್ತ ಹೋದ ಮೇಲೆ ಟೀಚರಮ್ಮನ ವೈರನ್ನು ಮಾತ್ರ ಕೊಕ್ಕೆಯಿಂದ ಬಿಡಿಸಿ ಮೆಲ್ಲಗೆ ದಿಂಬಿನ ಪಕ್ಕ ಇಟ್ಟಳು. ಸೊಂಟದ ಮೂಳೆ ಮುರಿದು, ಒಬ್ಬರೇ ಏಳಲಾರದೆ ಮಲಗಿದ್ದ ಆ ಹಿರಿಯರು ಅವಳನ್ನು ನೋಡಿ ನಕ್ಕರು. ಜೀವಮಾನವೆಲ್ಲ ಶಾಲೆಯಲ್ಲಿ ಪಾಠ ಹೇಳಿದವರು, ನಗುವಾಗಲೂ ಅಂಕ ಕೊಟ್ಟ ಹಾಗೆ ನಗುತ್ತಿದ್ದರು.

ಆ ಉಪಕಾರ ಅವಳ ತಲೆಗೇ ಬಂತು. ಮಾರನೆಯ ದಿನದಿಂದ ಟೀಚರಮ್ಮನ ಬೆಲ್‌ಗೆ ಬಿಡುವೇ ಇರಲಿಲ್ಲ. ಸಿಡುಕಿ ಓಡಿಬಂದರೆ, “ಗಂಟೆ ಎಷ್ಟಾಯ್ತು ಮಗು?” ಹೇಳಿ ಅತ್ತ ಹೋಗಿ ಕೈಗವಸು ಹಾಕಿಕೊಂಡರೆ ಮತ್ತೆ ಬೆಲ್. “ಈ ದಿಂಬು ಸ್ವಲ್ಪ ಎತ್ತರ ಆಯ್ತೇನೋ?” ಸರಿಮಾಡಿ ಹೋದರೆ ಮತ್ತೆ ಬೆಲ್. “ಹೊರಗೆ ಬಿಸಿಲು ಜೋರಾ?” ಪ್ರತಿಸಲವೂ ಟೀಚರಮ್ಮ ಇನ್ನೇನೋ ಹೇಳಲು ಬಾಯಿ ತೆರೆದಂತೆ ಮಾಡುತ್ತಿದ್ದರು. ಅಷ್ಟರಲ್ಲಿ ಸಿಡುಕಿ ಬಾಗಿಲಾಚೆ ಇರುತ್ತಿದ್ದಳು. ದೊಡ್ಡ ಸಿಸ್ಟರ್‌ಗೂ ಆ ಬೆಲ್ ಕೇಳಿಸುತ್ತಿತ್ತು, ತಾನಾಗಿ ಕಲಿಯಲಿ ಎಂದು ಬಿಟ್ಟಿದ್ದರು.

“ತಲೆ ಚಿಟ್ಟು ಹಿಡಿದುಹೋಗಿದೆ ಅತ್ತೆ. ಓದಿದೋರು ಬೇರೆ! ಬಿಸಿಲು ಜೋರಿದ್ರೆ ಇವರೇನು ಬಟ್ಟೆ ಒಣಹಾಕ್ಬೇಕಾ?” ಎಂದು ರಾತ್ರಿ ಮನೆಯಲ್ಲಿ ಗೊಣಗಿದಳು.

“ಮಲಗಿದೋರಿಗೆ ಹೊತ್ತು ಹೋಗಲ್ಲ ಕಣೆ,” ಎಂದರು ಅತ್ತೆ.

“ನನಗೆ ಹೊತ್ತು ಸಾಲಲ್ಲ!”

ಮೂರು ತಿಂಗಳು ಮುಗಿಯಲು ಬಂದಿದ್ದ ಒಂದು ಮಧ್ಯಾಹ್ನ ಸಿಡುಕಿ ಅಜ್ಜಿಯೊಬ್ಬರ ಹಿಮ್ಮಡಿಯ ಗಾಯ ತೊಳೆಯುತ್ತಿದ್ದಳು. ಬೆಲ್ ಹೊಡೆಯಿತು. ಗಾಯವನ್ನು ಶುಭ್ರ ಬಟ್ಟೆಯಿಂದ ಮುಚ್ಚಿ, ಕೈಗವಸು ಬಿಚ್ಚಿ ಓಡಿದಳು. ಗಂಟೆ ಎಷ್ಟಾಯ್ತು? ಹಿಂದಿರುಗಿ ಕೈ ತೊಳೆದು ಹೊಸ ಕೈಗವಸು ಹಾಕಿದಳು. ಮತ್ತೆ ಬೆಲ್. ದಿಂಬು. ಮತ್ತೆ ಬಂದು ಕೈ ತೊಳೆದಳು. ಮತ್ತೆ ಬೆಲ್. ಮೈಯೆಲ್ಲ ಉರಿದುಹೋಯಿತು. ಈ ಸಲ ಅವಳು ಓಡಲಿಲ್ಲ, ದಾಪುಗಾಲು ಹಾಕಿಕೊಂಡು ಹೋದಳು. ಟೀಚರಮ್ಮ, “ಮಗು, ಹೊರಗೆ...” ಎನ್ನುವಷ್ಟರಲ್ಲಿ ವೈರನ್ನು ಎಳೆದುಕೊಂಡು ಕೊಕ್ಕೆಗೆ ಎರಡು ಸುತ್ತು ಸುತ್ತಿದಳು.

“ಸ್ವಲ್ಪ ಹೊತ್ತು ಸುಮ್ನೆ ಮಲಗಿ ಟೀಚರ್. ನನಗೂ ಎರಡೇ ಕೈ ಇರೋದು.”

ಟೀಚರಮ್ಮ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡರು.

ಆ ಮಧ್ಯಾಹ್ನದ ಸುಖವನ್ನು ಏನೆಂದು ಹೇಳುವುದು! ಗಾಯದ ಪಟ್ಟಿ ಅಂದವಾಗಿ ಕೂತಿತು. ಇಂಜೆಕ್ಷನ್‌ಗಳು ಹೊತ್ತಿಗೆ ಸರಿಯಾಗಿ ಆದವು. ಓಣಿಯಲ್ಲಿ ಎದುರಾದ ದೊಡ್ಡ ಸಿಸ್ಟರ್ ಕೊಕ್ಕೆಯ ಕಡೆ ಒಮ್ಮೆ ನೋಡಿ, “ಈಗ ಕೆಲಸ ಕಲಿತೆ. ಇವತ್ತೇ ನಿನ್ನ ಬಗ್ಗೆ ಮೇಲಿನವರಿಗೆ ಬರೀತೀನಿ,” ಎಂದರು. ಸಿಡುಕಿಗೆ ಆಫೀಸಿನ ಗುಮಾಸ್ತ, ಅನುಭವ ಕೇಳಿದವರು, ಮೂಗು ಮುರಿದ ನೆಂಟರು ಎಲ್ಲರೂ ಒಟ್ಟಿಗೆ ನೆನಪಾದರು. ಅತ್ತೆಗೆ ಹೇಗೆ ಹೇಳಬೇಕು, ಮೊದಲು ಯಾವ ಮಾತು ಆಡಬೇಕು ಎಂದು ಲೆಕ್ಕ ಹಾಕುತ್ತಲೇ ಚಹಾದ ಲೋಟಗಳನ್ನು ಹಿಡಿದು ಕಿಟಕಿ ಪಕ್ಕದ ಮಂಚಕ್ಕೆ ಬಂದಳು.

ಟೀಚರಮ್ಮ ಕೈ ಎತ್ತಿಕೊಂಡು ಮಲಗಿದ್ದರು.

ಶಾಲೆಯಲ್ಲಿ ಮಕ್ಕಳು ಎತ್ತುವಂತೆ, ತೋಳನ್ನು ನೆಟ್ಟಗೆ ಮೇಲಕ್ಕೆ ಚಾಚಿ, ಬೆರಳು ಬಿಡಿಸಿ. ತೋಳು ಸೋತಾಗ ಆಸರೆಯಾಗಲೆಂದು ಇನ್ನೊಂದು ಕೈಯನ್ನು ಮೊಣಕೈಗೆ ಆನಿಸಿದ್ದರು. ಕಣ್ಣು ಬಾಗಿಲ ಮೇಲಿತ್ತು. ಹೊದಿಕೆ ಒದ್ದೆಯಾಗಿತ್ತು.

ಸಿಡುಕಿ ಚಹಾದ ಲೋಟಗಳನ್ನು ಕೆಳಗಿಟ್ಟಳು. “ಏನಿದು ಟೀಚರ್! ಯಾವಾಗಿಂದ ಹೀಗೆ?”

“ಗೊತ್ತಿಲ್ಲ ಮಗು. ಗಡಿಯಾರ ನನ್ನ ತಲೆ ಹಿಂದಿನ ಗೋಡೇಲಿದೆ, ಕಾಣಲ್ಲ. ನೀನು ಆ ಕಡೆಯಿಂದ ಹೋಗುವಾಗ ಕಂಡ್ರೆ ಕಾಣಲಿ ಅಂತ ಎತ್ತಿದೆ. ಎರಡು ಸಲ ಹೋದೆ. ಕೈ ತುಂಬ ಕೆಲಸ ಇತ್ತು ನಿನಗೆ.”

“ಕೂಗಬಾರದಿತ್ತಾ?”

“ಏನಂತ ಕೂಗಲಿ?” ಟೀಚರಮ್ಮ ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು. “ಬೆಡ್‌ಪ್ಯಾನ್ ಬೇಕು ಅಂತ ಇಷ್ಟು ಜನರ ಮುಂದೆ ಕೂಗೋದಾ? ನೀನು ಹತ್ತಿರ ಬಂದಾಗಲೇ ಬಾಯಿ ಬರಲ್ಲ ನನಗೆ. ಗಂಟೆ ಎಷ್ಟು ಅಂತೀನಿ, ದಿಂಬು ಅಂತೀನಿ. ಆಮೇಲೆ ಹೇಳೋಣ ಅಂದ್ಕೊಳ್ತೀನಿ. ಅಷ್ಟರಲ್ಲಿ ನೀನು ಹೊರಟೇ ಹೋಗಿರ್ತೀಯ. ತಪ್ಪಾಯ್ತು ಮಗು, ಹಾಸಿಗೆ ಹಾಳಾಯ್ತು.”

ತಪ್ಪಾಯ್ತು ಎಂದವರು ಅವರು! ಸಿಡುಕಿಗೆ ಸಿಟ್ಟು ಬಂತು, ಈ ಸಲ ತನ್ನ ಮೇಲೆ. ಮಾವನೂ ಹೀಗೆಯೇ ಅಲ್ಲವೇ ಇದ್ದದ್ದು? ಪೇಪರ್ ಕೊಡು ಎಂದು ಕರೆಯುತ್ತಿದ್ದರು, ಪೇಪರ್ ಕೊಟ್ಟ ಮೇಲೂ ಮುಖ ನೋಡುತ್ತಿದ್ದರು. ಮನೆಯಲ್ಲಿ ಆ ನೋಟ ತಿಳಿಯುತ್ತಿತ್ತು. ಲೈಸೆನ್ಸ್ ಬಂದ ಮೇಲೆ ಮರೆತುಹೋಯಿತು. ಪರದೆ ಎಳೆದು, ಬಿಸಿನೀರು ತಂದು, ಮೈ ಒರೆಸಿ, ಒಣಗಿದ ಬಟ್ಟೆ ತೊಡಿಸಿ, ಹಾಸಿಗೆ ಬದಲಿಸಿದಳು. ಎಲ್ಲ ಮುಗಿದ ಮೇಲೆ ಕೊಕ್ಕೆಗೆ ಸುತ್ತಿದ್ದ ವೈರನ್ನು ಬಿಡಿಸತೊಡಗಿದಳು. ಬಿಗಿಯಾಗಿ ಸುತ್ತಿದ್ದಳು, ಬೇಗ ಬಿಡಲಿಲ್ಲ.

“ಏನು ಮಾಡ್ತಿದ್ದೀಯ?” ದೊಡ್ಡ ಸಿಸ್ಟರ್ ಪರದೆಯ ಬಳಿ ನಿಂತಿದ್ದರು.

“ಇದನ್ನ ಸುತ್ತಿದ್ದು ನಾನೇ ಸಿಸ್ಟರ್. ಇನ್ಮೇಲೆ ಸುತ್ತಲ್ಲ. ನೀವು ಹೇಳಿದ್ರೂ ಸುತ್ತಲ್ಲ.”

“ಇವತ್ತು ನಿನ್ನ ಬಗ್ಗೆ ಬರೀಬೇಕು ಅಂತಿದ್ದೀನಿ, ನೆನಪಿದೆಯಾ?”

“ಇದೆ.” ಅವಳು ವೈರಿನ ಕೊನೆಯ ಸುತ್ತನ್ನು ಬಿಡಿಸಿದಳು. “ಊಟ ಆದ ಕೂಡಲೇ ಒಂದು ಸುತ್ತು ಬಂದು ನಾವೇ ಎಲ್ಲರನ್ನೂ ಕೇಳೋಣ ಸಿಸ್ಟರ್, ಪ್ಯಾನ್ ಬೇಕಾ ಅಂತ. ಕಿವಿ ಹತ್ತಿರ ಹೋಗಿ ಮೆಲ್ಲಗೆ ಕೇಳೋಣ. ಅರ್ಧ ಬೆಲ್ ತಾನಾಗೇ ನಿಲ್ಲುತ್ತೆ.”

“ಇನ್ನರ್ಧ? ನೀನು ಇವರ ದಿಂಬಿನ ಹಿಂದೆ ಓಡಿದಾಗ ಆ ಮೂಲೆ ತಾತನಿಗೆ ಮತ್ತೆ ನೆತ್ತಿಗೇರಿದ್ರೆ? ನೀನು ನೋಡಿಲ್ಲ ಆ ಮುಖಾನ. ನಾನು ನೋಡಿದ್ದೀನಿ.”

“ಆ ತಾತನ ಬೆಲ್ ಕೂಡ ಮೇಲೇ ತೂಗ್ತಾ ಇದೆಯಲ್ಲ ಸಿಸ್ಟರ್. ಈಗ ನೆತ್ತಿಗೇರಿದ್ರೆ ಅವರು ಏನನ್ನ ಒತ್ತಬೇಕು?”

ದೊಡ್ಡ ಸಿಸ್ಟರ್ ಮೂಲೆಯ ಮಂಚದ ಕಡೆ ತಿರುಗಿ ನೋಡಿದರು. ತಾತ ಕಣ್ಣು ಮುಚ್ಚಿ ಮಲಗಿದ್ದ, ವೈರು ಅವನ ತಲೆಯ ಮೇಲೆ ಗೋಡೆಯಲ್ಲಿತ್ತು. ಆ ವೈರನ್ನು ಸುತ್ತಿದವರು ಅವರೇ, ಅವನನ್ನು ಉಳಿಸಿಕೊಳ್ಳಬೇಕೆಂದೇ ಸುತ್ತಿದವರು. ಆಮೇಲೆ ನೆಲ ಸದ್ದು ಮಾಡುವಂತೆ ನಡೆದು ಹೋಗಿ, ವೈರನ್ನು ಬಿಡಿಸಿ, ಗುಂಡಿಯನ್ನು ತಾತನ ಅಂಗೈ ಪಕ್ಕದಲ್ಲಿ ಇಟ್ಟರು. ಅಲ್ಲಿಂದ ಪಕ್ಕದ ಮಂಚಕ್ಕೆ ಹೋದರು.

ಎಲ್ಲ ಮುಗಿದ ಮೇಲೆ ಬಾಗಿಲಲ್ಲಿ ನಿಂತು, “ನಾಳೆ ಸ್ವಲ್ಪ ಬೇಗ ಬಾ. ಸುತ್ತು ಅಂತೀಯಲ್ಲ, ಅದಕ್ಕೆ ಹೊತ್ತು ಬೇಕು. ಇನ್ನೂ ಒಬ್ಬರನ್ನ ಕೊಡಿ ಅಂತ ಮೇಲಿನವರಿಗೆ ಬರೀತೀನಿ. ನಿನ್ನ ವಿಷಯಾನೂ ಅದರಲ್ಲೇ ಬರೀತೀನಿ,” ಎಂದರು. ದನಿಯಲ್ಲಿ ಪ್ರೀತಿಯೇನೂ ಇರಲಿಲ್ಲ.

ಮಾರನೆಯ ದಿನ ಊಟದ ತಟ್ಟೆಗಳನ್ನು ತೆಗೆದ ಮೇಲೆ ಸಿಡುಕಿ ಟೀಚರಮ್ಮನ ಬಳಿ ಬಂದಳು.

“ಗಂಟೆ ಎಷ್ಟಾಯ್ತು ಮಗು?”

ಹೇಳಿದಳು. ಹೇಳಿ ಹೊರಡಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತಳು.

“ದಿಂಬು...”

ದಿಂಬು ಸರಿಮಾಡಿ ಮತ್ತೆ ಕೂತಳು. ಟೀಚರಮ್ಮ ಅವಳ ಮುಖ ನೋಡಿದರು. ಸುತ್ತಮುತ್ತ ನೋಡಿದರು. ಆಮೇಲೆ ಅವರ ಕೈ ತಾನಾಗಿಯೇ ಹೊದಿಕೆಯಿಂದ ಮೇಲಕ್ಕೆ ಏಳತೊಡಗಿತು.

ಸಿಡುಕಿ ಅದನ್ನು ಹಿಡಿದು ಕೆಳಗಿಳಿಸಿ, ಬೆರಳ ನಡುವೆ ಗುಂಡಿಯನ್ನು ಇಟ್ಟಳು. “ಕೈ ಎತ್ತೋದು ಬೇಡ ಟೀಚರ್. ಒತ್ತಿ.”

“ನೀನು ಇಲ್ಲೇ ಇದ್ದೀಯಲ್ಲ?”

“ಇದ್ರೂ ಒತ್ತಿ. ಬಾಯಿ ಬಿಟ್ಟು ಹೇಳೋದೇನೂ ಬೇಡ.”

ಟೀಚರಮ್ಮ ಒತ್ತಿದರು. ಓಣಿಯಲ್ಲಿ ಬೆಲ್ ಹೊಡೆಯಿತು. ಆ ತುದಿಯಿಂದ ನೆಲ ಸದ್ದು ಮಾಡುತ್ತ ಬರುವುದು ಕೇಳಿಸಿತು. ಅದರ ಹಿಂದೆಯೇ ದೊಡ್ಡ ಸಿಸ್ಟರ್ ದನಿ, “ಬಂದೆ, ಬಂದೆ! ಬರ್ತಾನೇ ಇದ್ದೀನಿ!”