ಕೈಗೆ ಕಟ್ಟಿದ ಕತ್ತಿ

ನಿಂಬೆಹಣ್ಣು ಅಲುಗುತ್ತಿದೆ, ಕತ್ತಿಯ ತುದಿಗೆ ಚುಚ್ಚಿದ ನಿಂಬೆಹಣ್ಣು, ಗಾಳಿಯೇ ಇಲ್ಲ, ತೋರಣದ ಮಾವಿನೆಲೆ ಒಂದೂ ಅಲುಗುತ್ತಿಲ್ಲ, ಅಂದರೆ ನನ್ನ ಕೈಯೇ — ನೋಡಿದರಾ ಯಾರಾದರೂ, ಬಿಸಿಲು ಏರಿದೆ, ನಮ್ಮ ಬೀಡಿನ ಮನೆಯ ಅಂಗಳದ ತುಂಬ ಜನ, ಸೀಮೆಗೆ ಹೊಸ ಬಲ್ಲಾಳನಾಗುವ ನನ್ನ ಮುಖ ನೋಡಲು ಮಡಂತ್ಯಾರಿನಿಂದಲೂ ಬಂದಿದ್ದಾರೆ, ಬೀಳುವುದಿಲ್ಲ, ಕತ್ತಿ ಬೀಳುವುದಿಲ್ಲ, ಪದ್ಮಲತಾ ಕಟ್ಟಿದ್ದಾಳೆ, ಬೆಳಿಗ್ಗೆ ಬಾಗಿಲು ಹಾಕಿಕೊಂಡು ನನ್ನ ಮಣಿಕಟ್ಟನ್ನೂ ಕತ್ತಿಯ ಹಿಡಿಯನ್ನೂ ಸೇರಿಸಿ ತನ್ನ ಹಳೆಯ ಸೀರೆಯ ಅಂಚಿನಿಂದ ಸುತ್ತಿ, ಹಲ್ಲಿನಲ್ಲಿ ಎಳೆದು ಗಂಟು ಹಾಕಿ, ಮೇಲೆ ಕೆಂಪು ರೇಷ್ಮೆ ಹೊದಿಸಿ, ಇನ್ನು ಯಾರಿಗೂ ಬಿಚ್ಚಲಿಕ್ಕೆ ಆಗುವುದಿಲ್ಲ, ನೀವು ಹೆದರಬೇಡಿ ಅಂದಳು, ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುವ ಗಂಡನನ್ನು ನೋಡಿದವಳು ಅವಳೊಬ್ಬಳೇ, ಅವಳು ಮತ್ತು ಬಂಟ್ವಾಳದ ಡಾಕ್ಟರು, ನರದ ತೊಂದರೆ, ವಾಸಿಯಾಗುವಂಥದ್ದಲ್ಲ. ಮಾವ, ಅಮ್ಮನ ಅಣ್ಣ, ಇದ್ದಷ್ಟು ಕಾಲ ದೈವದ ಪ್ರತಿ ನೇಮದಲ್ಲೂ ಇದೇ ಕತ್ತಿ ಹಿಡಿದು ಕಂಬದ ಹಾಗೆ ನಿಂತವರು, ಕತ್ತಿ ನೆಲಕ್ಕೆ ಬಿದ್ದರೆ ದೈವ ಈ ಮನೆಯನ್ನು ಬಿಟ್ಟಿತು ಅಂತ ಅರ್ಥ, ತಿಳಿಯಿತಾ ವಿಜಯರಾಜ — ತಿಳಿಯಿತು ಮಾವ, ನೀರನ್ನೂ ಸೋಸಿ ಕುಡಿಯುವ ನಮ್ಮಂಥ ಜೈನರ ಮನೆಗೆ ಕತ್ತಿ ಏಕೆ ಅಂತ ಕೇಳಲಿಲ್ಲ, ಕೇಳಬೇಕಿತ್ತು. ಬೆಳ್ತಂಗಡಿಯಲ್ಲಿ ಓಟಿನ ಮೈಕು, ಅರಸುಗಳ ಕಾಲ ಮುಗಿಯಿತು ಮಹನೀಯರೇ, ಮುಗಿದಿದ್ದರೆ ನಾನು ಬದುಕಿದೆ. ಮುಂಡಾಜೆಯ ರುಕ್ಮಯ್ಯ ಅಲ್ಲಿ ಬೇಲಿಯ ಹತ್ತಿರ, ಬರ್ಮಾದ ಯುದ್ಧಕ್ಕೆ ಹೋಗಿ ಬಂದವನು, ಜಪಾನಿನ ಒಬ್ಬ ಸರದಾರನ ಕಥೆ ಅವನೇ ಹೇಳಿದ್ದು, ಅವನ ಅಜ್ಜಂದಿರೂ ನಿಮ್ಮ ಹಾಗೆ ಬೀಡಿನವರಂತೆ, ಧನಿಗಳೇ, ಸೋತ ದಿನ ಅಜ್ಜನ ಕತ್ತಿಯನ್ನು ಎರಡೂ ಕೈಯಲ್ಲಿ ಎತ್ತಿ ನಮ್ಮ ಬಿಳಿ ಸಾಹೇಬರಿಗೆ ಕೊಟ್ಟ, ಕೈ ನಡುಗಲಿಲ್ಲ ನೋಡಿ — ಸೋತವನ ಕೈಯೂ ನಡುಗಲಿಲ್ಲ, ನನಗೆ ಶತ್ರುಗಳೇ ಇಲ್ಲ, ಆದರೂ ಹೆದರಿಕೆಯಾಗುತ್ತದೆ.

ಕಾಲಿನ ಗಗ್ಗರದ ಸದ್ದು, ಬಂತು, ವೇಷ ಕಟ್ಟಿದ ಹುಕ್ರಪ್ಪನ ಮೈಮೇಲೆ ದೈವ ಬಂತು, ನಿನ್ನೆ ಅಂಗಳದ ಕೆಳಗೆ ನಿಂತು ಧನಿಗಳು ಸೌಖ್ಯವಾ ಅಂದ ಹುಕ್ರಪ್ಪ, ಈಗ ಆ ಕಣ್ಣು ಅವನದ್ದಲ್ಲ, ಹತ್ತಿರ, ಇನ್ನೂ ಹತ್ತಿರ, ಗಂಟು ಗಟ್ಟಿ ಉಂಟು, ಮಾವನ ಎದುರು ತಲೆಯಾಡಿಸಿ ಮುಂದೆ ಹೋಗುತ್ತಿತ್ತು, ಈಗಲೂ ಹೋಗುತ್ತದೆ — ನಿಂತಿತು, ನುಡಿಯಿತು. ನಿನ್ನ ಮಾವ ಪಟ್ಟಕ್ಕೇರಿದ ದಿನ ಕತ್ತಿಯನ್ನು ನನ್ನ ಕೈಗೆ ಕೊಟ್ಟ, ನಾನು ತಿರುಗಿ ಕೊಟ್ಟ ಮೇಲೆ ಬಲ್ಲಾಳನಾದ, ನೀನೂ ಕೊಡು — ಕೊಡುವುದಾ, ಇದನ್ನು ಯಾರೂ ಹೇಳಲಿಲ್ಲ, ಮಾವ ಪಟ್ಟಕ್ಕೇರಿದ್ದು ನಾನು ಹುಟ್ಟುವ ಮೊದಲು, ಹೇಳಬೇಕಾದವರು ಅವರೊಬ್ಬರೇ, ಅರಶಿನ ಬಳಿದ ಅಂಗೈ ನನ್ನ ಎದುರು ಚಾಚಿದೆ, ಬಿಡುತ್ತೇನೆ, ಬೆರಳುಗಳೆಲ್ಲ ಬಿಟ್ಟಿವೆ, ಕತ್ತಿ ಬಿಡುತ್ತಿಲ್ಲ, ಕೊಡು, ಕೊಡುತ್ತೇನೆ ಸ್ವಾಮಿ, ಎಳೆದರೆ ಇನ್ನೂ ಬಿಗಿಯುತ್ತದೆ, ವಾದ್ಯ ನಿಂತಿತು, ಪದ್ಮಲತಾ ಬಾಯಿಗೆ ಸೆರಗು ಒತ್ತಿಕೊಂಡಿದ್ದಾಳೆ, ನಿಂಬೆಹಣ್ಣು ಬಿತ್ತು, ಕೆಂಪು ರೇಷ್ಮೆ ಜಾರುತ್ತಿದೆ, ಜಾರಿತು, ಸೀರೆಯ ಅಂಚು, ಗಂಟು, ಎಲ್ಲರ ಕಣ್ಣೂ ಗಂಟಿನ ಮೇಲೆ, ಹಲ್ಲಿನಲ್ಲಿ ಎಳೆದ ಗಂಟು